ಗುಡಿಸು

ಗುಡಿಸು ಎಂಬುದು ನೆಲ, ಅಂಗಳ, ಬೀದಿ ಮೊದಲಾದ ಹರವಿನ ಮೇಲೆ ಬಿದ್ದಿರುವ ಕಸ, ಧೂಳು, ಎಲೆ ಇತ್ಯಾದಿಗಳನ್ನು ಪೊರಕೆಯಿಂದ ಒಂದೆಡೆಗೆ ದೂಡಿ ತೆಗೆಯುವ ಕೆಲಸವನ್ನು ಸೂಚಿಸುವ ಕನ್ನಡದ ಸಕರ್ಮಕ ಧಾತು. ನೀರು ಅಥವಾ ಬಟ್ಟೆಯ ನೆರವಿಲ್ಲದೆ, ಒಣ ಸ್ಥಿತಿಯಲ್ಲಿ, ಕಡ್ಡಿ ಇಲ್ಲವೆ ಎಳೆಗಳ ಕಟ್ಟಿನಿಂದ ಮಾಡುವ ಕೆಲಸ ಎಂಬುದು ಇದರ ಮುಖ್ಯ ಲಕ್ಷಣ. ಒರೆಸು, ತೊಳೆ, ಸಾರಿಸು ಎಂಬ ಧಾತುಗಳಿಂದ ಇದನ್ನು ಬೇರ್ಪಡಿಸುವುದೂ ಈ ಲಕ್ಷಣವೇ. ವಾಚ್ಯಾರ್ಥದ ಜೊತೆಗೆ ‘ಏನೂ ಉಳಿಯದಂತೆ ತೆಗೆ’, ‘ಎಲ್ಲವನ್ನೂ ಬಾಚಿಕೊಂಡು ಹೋಗು’ ಎಂಬ ಲಾಕ್ಷಣಿಕ ಅರ್ಥಗಳೂ ಬಳಕೆಯಲ್ಲಿವೆ.

ರೂಪ ಮತ್ತು ವ್ಯಾಕರಣ

ಗುಡಿಸು ಉಕಾರಾಂತ ಧಾತು. ಮಾಡು, ನೋಡು ಮೊದಲಾದ ಧಾತುಗಳಂತೆ ಇದು ಕಾಲಪ್ರತ್ಯಯಗಳನ್ನು ಕ್ರಮವಾಗಿ ಪಡೆಯುತ್ತದೆ: ವರ್ತಮಾನದಲ್ಲಿ ಗುಡಿಸುತ್ತಾಳೆ, ಭೂತದಲ್ಲಿ ಗುಡಿಸಿದಳು, ಭವಿಷ್ಯತ್ತಿನಲ್ಲಿ ಗುಡಿಸುವಳು. ನಿಷೇಧದಲ್ಲಿ ಗುಡಿಸಳು, ಗುಡಿಸುವುದಿಲ್ಲ, ಗುಡಿಸಲಿಲ್ಲ ಎಂಬ ರೂಪಗಳಿವೆ. ವಿಧಿರೂಪ ಏಕವಚನದಲ್ಲಿ ಗುಡಿಸು, ಬಹುವಚನ ಹಾಗೂ ಗೌರವಾರ್ಥದಲ್ಲಿ ಗುಡಿಸಿ ಅಥವಾ ಗುಡಿಸಿರಿ. ಗುಡಿಸುವ, ಗುಡಿಸಿದ, ಗುಡಿಸದ ಎಂಬವು ಕೃದಂತ ವಿಶೇಷಣಗಳು, ಗುಡಿಸುವವರು ಕೃದಂತ ನಾಮ, ಗುಡಿಸುವಿಕೆ ಭಾವನಾಮ, ಗುಡಿಸಿ, ಗುಡಿಸುತ್ತ, ಗುಡಿಸಲು ಎಂಬವು ಕೃದಂತ ಅವ್ಯಯಗಳು.

ಧಾತುವಿನ ಕೊನೆಯಲ್ಲಿ ‘ಇಸು’ ಇದ್ದರೂ ಇಂದಿನ ಬಳಕೆಯಲ್ಲಿ ಅದು ಪ್ರೇರಣಾರ್ಥಕವಲ್ಲ. ಮಾಡು–ಮಾಡಿಸು, ಓದು–ಓದಿಸು ಎಂಬಂತೆ ಗುಡಿಸು ಎಂಬುದರ ಹಿಂದೆ ಬಳಕೆಯಲ್ಲಿರುವ ಸರಳ ಧಾತು ಇಲ್ಲ. ಇನ್ನೊಬ್ಬರಿಂದ ಕೆಲಸ ಮಾಡಿಸುವ ಅರ್ಥ ಬೇಕಾದಾಗ ‘ಕಸ ಗುಡಿಸಲು ಹೇಳು’, ಉತ್ತರ ಕರ್ನಾಟಕದಲ್ಲಿ ‘ಗುಡಿಸಾಕ ಹಚ್ಚು’ ಎಂಬ ರಚನೆಗಳನ್ನು ಬಳಸುತ್ತಾರೆ.

ಗುಡಿಸು ಎಂಬುದಕ್ಕೆ ಎರಡು ಬಗೆಯ ಕರ್ಮಪದಗಳು ಸೇರುತ್ತವೆ. ಮೊದಲನೆಯದು ಸ್ಥಳ: ಮನೆ ಗುಡಿಸು, ಅಂಗಳ ಗುಡಿಸು, ಬೀದಿ ಗುಡಿಸು. ಇಲ್ಲಿ ಕರ್ಮ ಉಳಿಯುತ್ತದೆ, ಅದರ ಸ್ಥಿತಿ ಬದಲಾಗುತ್ತದೆ. ಎರಡನೆಯದು ತೆಗೆಯಬೇಕಾದ ವಸ್ತು: ಕಸ ಗುಡಿಸು, ಧೂಳು ಗುಡಿಸು, ಎಲೆ ಗುಡಿಸು. ಇಲ್ಲಿ ಕರ್ಮವೇ ಜಾಗ ಬಿಟ್ಟು ಹೋಗುತ್ತದೆ. ಒಂದೇ ವಾಕ್ಯದಲ್ಲಿ ಎರಡೂ ಬರಬೇಕಾದಾಗ ಸ್ಥಳಕ್ಕೆ ಷಷ್ಠಿ ಅಥವಾ ಸಪ್ತಮಿ ವಿಭಕ್ತಿ ಹತ್ತುತ್ತದೆ: ‘ಕೋಣೆಯ ಕಸ ಗುಡಿಸಿದಳು’, ‘ಜಗಲಿಯಲ್ಲಿ ಕಸ ಗುಡಿಸಿದನು’. ಸಾಧನವನ್ನು ‘ಪೊರಕೆಯಿಂದ’ ಎಂದೂ ಆಡುಮಾತಿನಲ್ಲಿ ‘ಪೊರಕೆಯಲ್ಲಿ’ ಎಂದೂ ಹೇಳುತ್ತಾರೆ.

ಸಹಾಯಕ ಧಾತುಗಳ ಜೊತೆ ಸೇರಿದಾಗ ಅರ್ಥದ ಛಾಯೆ ಬದಲಾಗುತ್ತದೆ. ಗುಡಿಸಿಬಿಡು ಎಂದರೆ ಕೆಲಸ ಮುಗಿಸು. ಗುಡಿಸಿಡು ಎಂದರೆ ಮುಂದಿನ ಬಳಕೆಗೆ ಸಿದ್ಧವಾಗಿರುವಂತೆ ಗುಡಿಸು. ಗುಡಿಸಿಹಾಕು ಎಂದರೆ ತೆಗೆದು ಹೊರಗೆಸೆ. ಗುಡಿಸಿಕೊ ಎಂದರೆ ತನಗಾಗಿ ಗುಡಿಸು. ‘ಗುಡಿಸಿ ಸಾರಿಸು’, ‘ಗುಡಿಸಿ ಒರೆಸು’ ಎಂಬ ಜೋಡಿಗಳು ಮನೆಗೆಲಸದ ಕ್ರಮವನ್ನು ಹೇಳುತ್ತವೆ. ಗುಡಿಸುವುದು ಮತ್ತು ಎಂಜಲು ಪಾತ್ರೆ ತೊಳೆಯುವುದು ಎರಡನ್ನೂ ಸೇರಿಸಿ ‘ಕಸಮುಸುರೆ’ ಎಂಬ ಜೋಡುನುಡಿ ಬಳಕೆಯಲ್ಲಿದೆ.

ಸಮರೂಪ ಪದಗಳು

‘ಗುಡಿಸಲು’ ಎಂಬ ರೂಪ ಎರಡು ಬೇರೆ ಪದಗಳಿಗೆ ಸಲ್ಲುತ್ತದೆ. ‘ಗುಡಿಸುವುದಕ್ಕೆ’ ಎಂಬ ಅರ್ಥದ ಕೃದಂತ ಅವ್ಯಯ ಒಂದು. ಹುಲ್ಲು ಅಥವಾ ಗರಿ ಹೊದಿಸಿದ ಚಿಕ್ಕ ಮನೆ ಎಂಬ ಅರ್ಥದ ನಾಮಪದ ಇನ್ನೊಂದು. ಎರಡನೆಯದು ‘ಗುಡಿ’ ಎಂಬ ನಾಮಪದದ ಬಳಗಕ್ಕೆ ಸೇರಿದ್ದು. ಗುಡಿಸುವ ಕ್ರಿಯೆಗೂ ಅದಕ್ಕೂ ಸಂಬಂಧವಿಲ್ಲ. ವಾಕ್ಯದಲ್ಲಿನ ಸ್ಥಾನದಿಂದ ಅರ್ಥ ತಿಳಿಯುತ್ತದೆ.

ಪ್ರಾದೇಶಿಕ ಪದಗಳು

ಗುಡಿಸು ಎಂಬುದು ಶಿಷ್ಟ ಕನ್ನಡದಲ್ಲಿಯೂ ಹಳೆಯ ಮೈಸೂರು, ಮಲೆನಾಡು ಭಾಗಗಳ ಆಡುಮಾತಿನಲ್ಲಿಯೂ ಸಾಮಾನ್ಯ. ಉತ್ತರ ಕರ್ನಾಟಕದಲ್ಲಿ ಇದೇ ಅರ್ಥದಲ್ಲಿ ‘ಕಸ ಹೊಡೆ’, ‘ಕಸ ಉಡುಗು’ ಎಂಬ ಪ್ರಯೋಗಗಳು ಹೆಚ್ಚು. ‘ಉಡುಗು’ ಎಂಬ ಧಾತುವಿಗೆ ‘ಕುಗ್ಗು, ಇಲ್ಲವಾಗು’ ಎಂಬ ಬೇರೆ ಅರ್ಥವೂ ಉಂಟು.

ನೆರೆಯ ಭಾಷೆಗಳಲ್ಲಿ ಈ ಕೆಲಸಕ್ಕೆ ಬೇರೆಬೇರೆ ಧಾತುಗಳಿವೆ. ತೆಲುಗಿನಲ್ಲಿ ಊಡ್ಚು, ತಮಿಳಿನಲ್ಲಿ ಪೆರುಕ್ಕು ಮತ್ತು ಕೂಟ್ಟು, ಮಲಯಾಳದಲ್ಲಿ ಅಡಿಚ್ಚುವಾರು, ತುಳುವಿನಲ್ಲಿ ಅಡಿಪು, ಮರಾಠಿ ಮತ್ತು ಹಿಂದಿಗಳಲ್ಲಿ ಝಾಡ್ ಧಾತುವಿನ ರೂಪಗಳು. ತಮಿಳಿನ ಕೂಟ್ಟು ಎಂಬುದಕ್ಕೆ ‘ಒಂದುಗೂಡಿಸು’ ಎಂಬ ಅರ್ಥವಿದೆ. ಮಲಯಾಳದ ಅಡಿ ಎಂಬುದಕ್ಕೂ ಉತ್ತರ ಕರ್ನಾಟಕದ ಹೊಡೆ ಎಂಬುದಕ್ಕೂ ‘ಪೆಟ್ಟು ಕೊಡು’ ಎಂಬುದು ಮೊದಲ ಅರ್ಥ. ಹೀಗೆ ಗುಡಿಸುವ ಕೆಲಸಕ್ಕೆ ಹೆಸರು ಬಂದಿರುವುದು ಕೆಲವು ಕಡೆ ಕಸ ಒಟ್ಟುಗೂಡುವುದರಿಂದ, ಕೆಲವು ಕಡೆ ಪೊರಕೆ ನೆಲಕ್ಕೆ ಬೀಳುವುದರಿಂದ. ಸಂಸ್ಕೃತದಿಂದ ಬಂದ ‘ಸಮ್ಮಾರ್ಜನ’ ಎಂಬ ಪದ ಕನ್ನಡದಲ್ಲಿ ದೇವಾಲಯ ಮತ್ತು ಶಾಸ್ತ್ರಗ್ರಂಥಗಳ ಸಂದರ್ಭಕ್ಕೆ ಸೀಮಿತ. ಪೊರಕೆಗೆ ಸಂಸ್ಕೃತದಲ್ಲಿ ‘ಸಮ್ಮಾರ್ಜನಿ’ ಎಂದು ಹೆಸರು.

ಸಮೀಪಾರ್ಥಕ ಧಾತುಗಳು

ಮನೆಯ ಶುಚಿತ್ವಕ್ಕೆ ಸಂಬಂಧಿಸಿದ ಕನ್ನಡ ಧಾತುಗಳು ಸಾಧನ ಮತ್ತು ಕೊಳೆಯ ಬಗೆಯನ್ನು ಅನುಸರಿಸಿ ಬೇರೆಯಾಗುತ್ತವೆ.

ಒರೆಸು: ಬಟ್ಟೆಯಿಂದ ತೇವವನ್ನೋ ಅಂಟಿದ ಧೂಳನ್ನೋ ತೆಗೆಯುವುದು.
ಸಾರಿಸು: ಮಣ್ಣಿನ ನೆಲಕ್ಕೆ ಸಗಣಿ ನೀರು ಬಳಿಯುವುದು; ಈಗ ಗಾರೆ, ಟೈಲ್ಸ್ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸುವುದಕ್ಕೂ ಇದೇ ಪದವುಂಟು.
ತೊಳೆ: ನೀರು ಹಾಕಿ ಕೊಳೆ ಹೋಗಿಸುವುದು.
ಉಜ್ಜು, ತಿಕ್ಕು: ಒತ್ತಿ ಉಜ್ಜಿ, ಅಂಟಿದ ಕೊಳೆ ಬಿಡಿಸುವುದು.
ಬಾಚು: ಸಗಣಿ, ಮಣ್ಣು ಮುಂತಾದ ದಪ್ಪ ವಸ್ತುವನ್ನು ಕೈಯಿಂದಲೋ ಸಲಕರಣೆಯಿಂದಲೋ ಒಟ್ಟುಮಾಡಿ ತೆಗೆಯುವುದು.
ಕೊಡವು, ಜಾಡಿಸು: ವಸ್ತುವನ್ನೇ ಅಲುಗಿಸಿ ಧೂಳು ಉದುರಿಸುವುದು.

ಇವುಗಳಲ್ಲಿ ಪೊರಕೆ ಇಲ್ಲದೆ ಸಾಧ್ಯವಾಗದ್ದು ಗುಡಿಸು ಒಂದೇ. ಆದ್ದರಿಂದ ‘ಗುಡಿಸು’ ಎಂದಷ್ಟೇ ಹೇಳಿದರೂ ಸಾಧನ ಯಾವುದೆಂದು ತಿಳಿಯುತ್ತದೆ.

ಲಾಕ್ಷಣಿಕ ಅರ್ಥಗಳು

ಗುಡಿಸು ಎಂಬುದರ ಲಾಕ್ಷಣಿಕ ಬಳಕೆಗಳಲ್ಲಿ ಮೂರು ಮುಖ್ಯ.

ಒಂದನೆಯದು ಸಂಪೂರ್ಣವಾಗಿ ಒಯ್ಯುವುದು. ‘ಕಳ್ಳರು ಮನೆಯಲ್ಲಿದ್ದುದನ್ನೆಲ್ಲ ಗುಡಿಸಿಕೊಂಡು ಹೋದರು’ ಎಂಬಲ್ಲಿ ಏನನ್ನೂ ಬಿಡಲಿಲ್ಲ ಎಂಬುದು ತಾತ್ಪರ್ಯ.

ಎರಡನೆಯದು ನಾಶ. ‘ಗುಡಿಸಿ ಗುಂಡಾಂತರ ಮಾಡು’ ಎಂಬ ನುಡಿಗಟ್ಟಿಗೆ ಸಂಸಾರವನ್ನೋ ಆಸ್ತಿಯನ್ನೋ ಸಂಸ್ಥೆಯನ್ನೋ ಪೂರ್ತಿ ಹಾಳುಮಾಡು ಎಂದರ್ಥ.

ಮೂರನೆಯದು ಅನಿಷ್ಟದ ನಿವಾರಣೆ. ಭ್ರಷ್ಟಾಚಾರ, ಮೂಢನಂಬಿಕೆ ಮೊದಲಾದವನ್ನು ‘ಗುಡಿಸಿಹಾಕಬೇಕು’ ಎಂಬ ಮಾತು ಭಾಷಣ ಮತ್ತು ಪತ್ರಿಕಾ ಬರಹಗಳಲ್ಲಿ ಕಾಣುತ್ತದೆ. ಮೊದಲ ಎರಡು ಅರ್ಥಗಳಲ್ಲಿ ಬೆಲೆಬಾಳುವ ವಸ್ತು ಇಲ್ಲವಾಗುತ್ತದೆ. ಇಲ್ಲಿ ಬೇಡವಾದದ್ದು ಇಲ್ಲವಾಗುತ್ತದೆ.

ಕ್ರೀಡೆ ಮತ್ತು ಚುನಾವಣೆಯ ವರದಿಗಳಲ್ಲಿ ಎಲ್ಲ ಪಂದ್ಯ ಅಥವಾ ಎಲ್ಲ ಸ್ಥಾನ ಗೆಲ್ಲುವುದಕ್ಕೆ ಕನ್ನಡ ಪತ್ರಿಕೆಗಳು ‘ಕ್ಲೀನ್ ಸ್ವೀಪ್’ ಎಂಬ ಎರವಲು ಪದವನ್ನೇ ಬಳಸುತ್ತವೆ. ಪೊರಕೆಗೆ ಸಂಬಂಧಿಸಿದ ‘ಪೊರಕೆ ಸೇವೆ’, ‘ಪೊರಕೆ ಪೂಜೆ’ ಎಂಬ ವ್ಯಂಗ್ಯದ ಮಾತುಗಳಿಗೆ ಪೊರಕೆಯಿಂದ ಹೊಡೆಯುವುದು ಎಂದರ್ಥ. ‘ಕಸಕ್ಕಿಂತ ಕಡೆ’ ಎಂಬ ನುಡಿಗಟ್ಟು ತೀರ ತಿರಸ್ಕಾರವನ್ನು ಸೂಚಿಸುತ್ತದೆ.

ಸಾಧನಗಳು

ಗುಡಿಸುವ ಸಾಧನಕ್ಕೆ ಪೊರಕೆ, ಪರಕೆ, ಕಸಪೊರಕೆ ಎಂಬ ಹೆಸರುಗಳಿವೆ. ಉತ್ತರ ಕರ್ನಾಟಕದಲ್ಲಿ ಕಸಬರಿಗೆ ಅಥವಾ ಕಸಬಾರಿಗೆ, ಕರಾವಳಿ ಮತ್ತು ಮಲೆನಾಡಿನ ಹಲವೆಡೆ ಹಿಡಿ ಅಥವಾ ಹಿಡಿಸೂಡಿ ಎನ್ನುತ್ತಾರೆ. ಸಾಂಪ್ರದಾಯಿಕ ಪೊರಕೆಗೆ ಎರಡೇ ಭಾಗ: ನೆಲಕ್ಕೆ ತಾಗುವ ಎಳೆಗಳು, ಅವನ್ನು ಬಿಗಿದು ಕಟ್ಟಿದ ಹಿಡಿ. ಎಳೆಗಳು ಬಾಗಿ ಮತ್ತೆ ನೆಟ್ಟಗಾಗುವುದರಿಂದ ಕಣಗಳು ಮುಂದೆ ಚಿಮ್ಮುತ್ತವೆ. ಎಳೆ ತೆಳುವಾದಷ್ಟೂ ಸಣ್ಣ ಧೂಳು ಸಿಗುತ್ತದೆ; ದಪ್ಪವಾದಷ್ಟೂ ಒದ್ದೆ ಎಲೆ, ಹರಳು, ಮಣ್ಣು ಸರಿಯುತ್ತವೆ. ಈ ಕಾರಣದಿಂದ ಒಳಮನೆಗೂ ಹೊರಗಿನ ಜಾಗಕ್ಕೂ ಬೇರೆಬೇರೆ ಪೊರಕೆ ಇಡುವ ರೂಢಿ ಬೆಳೆದಿದೆ. ಮುಖ್ಯ ಬಗೆಗಳು ಇವು.

ಕಡ್ಡಿಪೊರಕೆ: ತೆಂಗಿನ ಗರಿಯ ನಡುವಿನ ಕಡ್ಡಿಗಳನ್ನು ಹೆರೆದು, ಒಣಗಿಸಿ, ಬುಡದಲ್ಲಿ ಕಟ್ಟಿದ್ದು. ಅಂಗಳ, ಬಚ್ಚಲು, ಕೊಟ್ಟಿಗೆ, ಬೀದಿಗಳಿಗೆ ಬಳಕೆ. ಉದ್ದನೆಯ ಬಿದಿರಿನ ಕೋಲಿಗೆ ಕಟ್ಟಿದರೆ ನಿಂತು ಗುಡಿಸಬಹುದು.

ಹುಲ್ಲುಪೊರಕೆ: ಹುಲ್ಲಿನ ಹೂದೆನೆಗಳನ್ನು ಕಟ್ಟಿದ್ದು, ಒಳಮನೆಯ ನುಣುಪು ನೆಲಕ್ಕೆ ಸೂಕ್ತ. ಇದಕ್ಕೆ ಬಳಸುವ ಪೊರಕೆ ಹುಲ್ಲು ಬೆಟ್ಟದ ಇಳಿಜಾರುಗಳಲ್ಲಿ ಬೆಳೆಯುತ್ತದೆ. ಭಾರತದಲ್ಲಿ ಇದನ್ನು ಬೆಳೆಯಾಗಿ ಬೆಳೆಯುವ ಪ್ರದೇಶಗಳಲ್ಲಿ ಮೇಘಾಲಯ ಮುಖ್ಯ. ಬಯಲುಸೀಮೆಯಲ್ಲಿ ಹಂಚಿಕಡ್ಡಿಯ ಪೊರಕೆಯೂ ಬಳಕೆಯಲ್ಲಿದೆ.

ಈಚಲು ಪೊರಕೆ: ಈಚಲ ಗರಿಯನ್ನು ಸೀಳಿ ಕಟ್ಟಿದ್ದು. ಪಶ್ಚಿಮಘಟ್ಟ ಮತ್ತು ಅದಕ್ಕೆ ಹೊಂದಿದ ಬೆಟ್ಟಗಳಲ್ಲಿ ಬೆಳೆಯುವ ಕಿರು ಈಚಲಿನ ಗರಿ ಕಾಡಿನ ಸಮುದಾಯಗಳಿಗೆ ಕಿರುಅರಣ್ಯ ಉತ್ಪನ್ನವಾಗಿ ಆದಾಯ ತರುತ್ತದೆ.

ಬರಲು: ಗಿಡಗಳ ಕವಲುಕಡ್ಡಿಗಳನ್ನು ಕಟ್ಟಿದ ಒರಟು ಪೊರಕೆ, ಕಣ, ಹಿತ್ತಿಲು, ರಸ್ತೆಗಳಿಗೆ ಬಳಕೆ.

ಪ್ಲಾಸ್ಟಿಕ್ ಪೊರಕೆ: ಕೃತಕ ಎಳೆಗಳಿಂದ ಕಾರ್ಖಾನೆಯಲ್ಲಿ ತಯಾರಾಗುವುದು, ನೀರಿನಲ್ಲಿ ಕೊಳೆಯುವುದಿಲ್ಲ.

ಗುಡ್ಡೆ ಮಾಡಿದ ಕಸವನ್ನು ಎತ್ತಲು ಹಿಂದೆ ಹಳೆಯ ಮೊರ, ಮಂಕರಿ, ಬುಟ್ಟಿಗಳನ್ನು ಬಳಸುತ್ತಿದ್ದರು. ನಗರದ ಮನೆಗಳಲ್ಲಿ ಆ ಜಾಗಕ್ಕೆ ಡಸ್ಟ್‌ಪ್ಯಾನ್ ಬಂದಿದೆ.

ವಿಧಾನ

ಕೋಣೆಯನ್ನು ಗುಡಿಸುವಾಗ ದೂರದ ಮೂಲೆಯಿಂದ ಆರಂಭಿಸಿ ಬಾಗಿಲ ಕಡೆಗೆ ಬರುವುದು ಸಾಮಾನ್ಯ ಕ್ರಮ. ಜೇಡರ ಬಲೆ, ಕಪಾಟಿನ ಧೂಳು ಮುಂತಾದ ಮೇಲಿನ ಕೆಲಸಗಳನ್ನು ಮೊದಲು ಮುಗಿಸಿ, ನಂತರ ನೆಲ ಗುಡಿಸಿ, ಕೊನೆಗೆ ಒರೆಸುತ್ತಾರೆ. ಗಿಡ್ಡ ಪೊರಕೆಯಾದರೆ ಬಗ್ಗಿ ಅಥವಾ ಕುಕ್ಕುರುಗಾಲಿನಲ್ಲಿ ಕುಳಿತು ಸರಿಯುತ್ತ ಗುಡಿಸಬೇಕು. ಮಣ್ಣಿನ ಅಂಗಳವಾದರೆ ಧೂಳೇಳದಂತೆ ನೀರು ಚಿಮುಕಿಸುತ್ತಾರೆ. ಬೆಳಿಗ್ಗೆ ಬಾಗಿಲ ಮುಂದೆ ಗುಡಿಸಿ, ನೀರು ಅಥವಾ ಸಗಣಿ ನೀರು ಹಾಕಿ, ರಂಗೋಲಿ ಬಿಡುವುದು ಕರ್ನಾಟಕದ ಬಹುಭಾಗದಲ್ಲಿ ಒಂದೇ ಕೆಲಸದ ಮೂರು ಹಂತಗಳಾಗಿ ನಡೆಯುತ್ತದೆ.

ಕೃಷಿ ಮತ್ತು ಕಸುಬುಗಳಲ್ಲಿ

ಕೃಷಿಯಲ್ಲಿ ಗುಡಿಸುವುದು ಶುಚಿಗೊಳಿಸುವ ಕೆಲಸವಷ್ಟೇ ಅಲ್ಲ, ಸಂಗ್ರಹಿಸುವ ಕೆಲಸವೂ ಹೌದು. ಒಕ್ಕಣೆಯ ಕಣದಲ್ಲಿ ಚದುರಿದ ಕಾಳನ್ನು ಪೊರಕೆಯಿಂದ ಗುಡಿಸಿ ರಾಶಿಗೆ ಸೇರಿಸುತ್ತಾರೆ; ತೂರಿದ ರಾಶಿಯ ಮೇಲೆ ಉಳಿದ ಹೊಟ್ಟು, ಕಡ್ಡಿಗಳನ್ನು ಪೊರಕೆಯನ್ನು ಹಗುರವಾಗಿ ಆಡಿಸಿ ತೆಗೆಯುತ್ತಾರೆ. ಮಲೆನಾಡು ಮತ್ತು ಉತ್ತರ ಕನ್ನಡದ ಅಡಕೆ ಪ್ರದೇಶಗಳಲ್ಲಿ ಬೇಸಿಗೆಯಲ್ಲಿ ಉದುರಿದ ಒಣ ಎಲೆಗಳನ್ನು ಸೊಪ್ಪಿನ ಬೆಟ್ಟಗಳಿಂದ ಗುಡಿಸಿ ತರುತ್ತಾರೆ. ದರಕು ಅಥವಾ ದರಗು ಎನ್ನುವ ಈ ಎಲೆ ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಾಗಿ, ಸಗಣಿ ಗಂಜಲ ಹೀರಿ, ಗೊಬ್ಬರವಾಗಿ ತೋಟ ಸೇರುತ್ತದೆ.

ಚಿನ್ನಬೆಳ್ಳಿ ಕೆಲಸದ ಅಂಗಡಿಗಳಲ್ಲಿ ಗುಡಿಸಿದ ಧೂಳನ್ನು ಎಸೆಯುವುದಿಲ್ಲ. ಅರದಿಂದ ಉದುರಿದ ಲೋಹದ ಪುಡಿ ಅದರಲ್ಲಿರುವುದರಿಂದ ತೊಳೆದು, ಸೋಸಿ, ಕರಗಿಸಿ ಲೋಹ ಪಡೆಯುತ್ತಾರೆ. ಹೀಗೆ ಧೂಳು ತೊಳೆದು ಚಿನ್ನ ತೆಗೆಯುವವನಿಗೆ ಕನ್ನಡದಲ್ಲಿ ಜಲಗಾರ ಎಂದು ಹೆಸರು. ಕಸ ಗುಡಿಸುವವನು ಎಂಬ ಅರ್ಥವೂ ಈ ಪದಕ್ಕೆ ಇದೆ. ಕುವೆಂಪು ಅವರ ‘ಜಲಗಾರ’ (1928) ನಾಟಕದ ನಾಯಕ ಬೀದಿ ಗುಡಿಸುವವನು. ಜಾತ್ರೆಗೆ ಹೋಗದೆ ತನ್ನ ಕೆಲಸದಲ್ಲಿಯೇ ನಿರತನಾದ ಅವನಿಗೆ ಶಿವ ಜಗದ ಜಲಗಾರನಾಗಿ ಕಾಣಿಸಿಕೊಳ್ಳುತ್ತಾನೆ.

ಧರ್ಮ ಮತ್ತು ಆಚರಣೆ

ದೇವಾಲಯ ಸೇವೆಗಳಲ್ಲಿ ಗುಡಿಸುವುದಕ್ಕೆ (ಸಮ್ಮಾರ್ಜನ) ಮತ್ತು ಸಾರಿಸುವುದಕ್ಕೆ (ಉಪಲೇಪನ) ಸ್ಥಾನವಿದೆ. ಶೈವ ಸಂತರ ಚರಿತೆಯಾದ ತಮಿಳಿನ ಪೆರಿಯಪುರಾಣದಲ್ಲಿ ಅಪ್ಪರ್ ಅವರ ಅಕ್ಕ ತಿಲಕವತಿ ತಿರುವದಿಗೈ ದೇವಾಲಯದಲ್ಲಿ ಈ ಎರಡೂ ಸೇವೆ ಮಾಡುತ್ತಿದ್ದಳೆಂದು ವರ್ಣಿತವಾಗಿದೆ. ಕಾಯಕಕ್ಕೆ ಧಾರ್ಮಿಕ ಮಹತ್ವ ಕೊಟ್ಟ 12ನೆಯ ಶತಮಾನದ ಶರಣ ಪರಂಪರೆಯಲ್ಲಿ ವಚನಕಾರ್ತಿ ಸತ್ಯಕ್ಕನ ಕಾಯಕ ಕಸ ಗುಡಿಸುವುದೆಂದು ಪ್ರಸಿದ್ಧಿಯಿದೆ. ಒಡಿಶಾದ ಪುರಿಯ ರಥಯಾತ್ರೆಯಲ್ಲಿ ಗಜಪತಿ ಅರಸರು ಚಿನ್ನದ ಹಿಡಿಯ ಪೊರಕೆಯಿಂದ ರಥಗಳನ್ನು ಗುಡಿಸುವ ‘ಛೇರಾ ಪಹರಾ’ ವಿಧಿ ನಡೆಯುತ್ತದೆ. ಉತ್ತರ ಭಾರತದಲ್ಲಿ ಪೂಜೆಗೊಳ್ಳುವ ಶೀತಲಾದೇವಿಯ ಕೈಯಲ್ಲಿ ಪೊರಕೆ ಇರುತ್ತದೆ.

ಜೈನ ಸಂಪ್ರದಾಯದಲ್ಲಿ ಗುಡಿಸುವ ಉದ್ದೇಶವೇ ಬೇರೆ. ದಿಗಂಬರ ಮುನಿಗಳು ಹಿಡಿದಿರುವ ಪಿಂಛಿಯನ್ನು ತಾನಾಗಿ ಉದುರಿದ ನವಿಲುಗರಿಗಳಿಂದ ಕಟ್ಟುತ್ತಾರೆ. ಕೂರುವ ಅಥವಾ ವಸ್ತು ಇಡುವ ಮೊದಲು ಆ ಜಾಗದ ಸೂಕ್ಷ್ಮಜೀವಿಗಳಿಗೆ ನೋವಾಗದಂತೆ ಅವನ್ನು ಸರಿಸಲು ಇದರ ಬಳಕೆ. ಶ್ವೇತಾಂಬರರಲ್ಲಿ ಉಣ್ಣೆಯ ರಜೋಹರಣ ಇದೇ ಕೆಲಸಕ್ಕಿದೆ. ಈ ಕ್ರಿಯೆಗೆ ಜೈನ ಪರಿಭಾಷೆಯಲ್ಲಿ ಪ್ರಮಾರ್ಜನ ಎಂದು ಹೆಸರು.

ಮನೆಗಳಲ್ಲಿ ಕೆಲವು ನಂಬಿಕೆಗಳು ರೂಢಿಯಲ್ಲಿವೆ: ದೀಪ ಹಚ್ಚಿದ ಮೇಲೆ ಗುಡಿಸಬಾರದು, ಗುಡಿಸಿದರೂ ಕಸವನ್ನು ಹೊರಗೆ ಹಾಕಬಾರದು, ಮನೆಯವರು ಪ್ರಯಾಣ ಹೊರಟ ಕೂಡಲೇ ಗುಡಿಸಬಾರದು, ಪೊರಕೆಯನ್ನು ತುಳಿಯಬಾರದು. ಸಂಜೆ ಗುಡಿಸಿದರೆ ಲಕ್ಷ್ಮಿ ಹೊರಗೆ ಹೋಗುತ್ತಾಳೆ ಎಂಬುದು ಮೊದಲನೆಯದಕ್ಕೆ ಕೊಡುವ ಕಾರಣ.

ಸಮಾಜ ಮತ್ತು ದುಡಿಮೆ

ಮನೆಯೊಳಗೆ ಗುಡಿಸುವುದು ರೂಢಿಯಲ್ಲಿ ಹೆಂಗಸರ ಪಾಲಿನ, ಕೂಲಿಯಿಲ್ಲದ ಕೆಲಸ. ಬೀದಿ ಮತ್ತು ಸಾರ್ವಜನಿಕ ಸ್ಥಳಗಳಲ್ಲಿ ಅದನ್ನು ಜಾತಿವ್ಯವಸ್ಥೆ ಕೆಲವು ದಲಿತ ಸಮುದಾಯಗಳ ಮೇಲೆ ಹೊರಿಸಿತ್ತು. ಪೇಶ್ವೆಗಳ ಕಾಲದ ಪುಣೆಯಲ್ಲಿ ಅಸ್ಪೃಶ್ಯರು ತಾವು ನಡೆದ ನೆಲದ ಧೂಳನ್ನು ಗುಡಿಸಿಹಾಕಲು ಸೊಂಟಕ್ಕೆ ಪೊರಕೆ ಕಟ್ಟಿಕೊಳ್ಳಬೇಕಿತ್ತೆಂದು ಬಿ.ಆರ್. ಅಂಬೇಡ್ಕರ್ 1936ರ ‘ಜಾತಿ ವಿನಾಶ’ ಕೃತಿಯಲ್ಲಿ ದಾಖಲಿಸಿದ್ದಾರೆ.

ಈ ಕೆಲಸವನ್ನು ಎಲ್ಲರ ಕರ್ತವ್ಯವನ್ನಾಗಿಸುವ ಪ್ರಯತ್ನಗಳು 20ನೆಯ ಶತಮಾನದಲ್ಲಿ ನಡೆದವು. 1901ರ ಕಲಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ತಾವೇ ಪೊರಕೆ ಹಿಡಿದು ಶೌಚಸ್ಥಳ ಶುಚಿಗೊಳಿಸಿದರು. ಮಹಾರಾಷ್ಟ್ರದ ಗಾಡಗೆ ಮಹಾರಾಜರು (1876–1956) ಪೊರಕೆ ಹಿಡಿದು ಊರೂರು ಸುತ್ತಿ, ಹಗಲು ಬೀದಿ ಗುಡಿಸಿ, ರಾತ್ರಿ ಕೀರ್ತನೆ ಮಾಡುತ್ತಿದ್ದರು.

ಕರ್ನಾಟಕದಲ್ಲಿ ನಗರ ನೈರ್ಮಲ್ಯದ ಕೆಲಸಗಾರರನ್ನು ಹಿಂದೆ ಜಾಡಮಾಲಿ ಎನ್ನುತ್ತಿದ್ದರು. ಈಗ ಅಧಿಕೃತ ಪದ ಪೌರಕಾರ್ಮಿಕ. 1970ರ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಅವರ ಬದುಕು ಮತ್ತು ಕೆಲಸದ ಸ್ಥಿತಿಯನ್ನು ಪರಿಶೀಲಿಸಿತು. ಪ್ರತಿ 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಇರಬೇಕೆಂಬುದು ಅದರ ಪ್ರಮುಖ ಶಿಫಾರಸು; ಆ ಬಳಿಕ ಸರ್ಕಾರ ಈ ಪ್ರಮಾಣವನ್ನು 700 ಜನರಿಗೆ ಒಬ್ಬರು ಎಂದು ಬದಲಿಸಿತು. ಗುತ್ತಿಗೆ ಪದ್ಧತಿ ಕೊನೆಗೊಳಿಸಿ ಸೇವೆ ಕಾಯಂ ಮಾಡಬೇಕೆಂದು 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಮುಷ್ಕರ ನಡೆಸಿದರು.

ಒಣ ಧೂಳು ಗುಡಿಸುವಾಗ ಸೂಕ್ಷ್ಮ ಕಣಗಳು ಮತ್ತೆ ಗಾಳಿಗೇರಿ ಶ್ವಾಸಕೋಶ ಸೇರುತ್ತವೆ. ನಿರಂತರವಾಗಿ ಬಗ್ಗುವುದರಿಂದ ಸೊಂಟ ಮತ್ತು ಬೆನ್ನಿನ ನೋವು ಬರುತ್ತದೆ. ಉದ್ದ ಹಿಡಿಯ ಪೊರಕೆ, ಮುಖಗವಸು, ಕೈಗವಸು, ನೀರು ಚಿಮುಕಿಸುವುದು ಇವುಗಳಿಂದ ಅಪಾಯ ಕಡಿಮೆಯಾಗುತ್ತದೆ.

ಯಂತ್ರಗಳು

ಅಮೆರಿಕದ ಮೆಲ್ವಿಲ್ ಬಿಸೆಲ್ 1876ರಲ್ಲಿ ತಿರುಗುವ ಕುಂಚವುಳ್ಳ ಜಮಖಾನೆ ಗುಡಿಸುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ 1901ರಲ್ಲಿ ಧೂಳನ್ನು ಹೀರಿಕೊಳ್ಳುವ ವ್ಯಾಕ್ಯೂಮ್ ಕ್ಲೀನರ್ ರೂಪಿಸಿದರು. 1908ರಲ್ಲಿ ಅಮೆರಿಕದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಅವರ ಕೈಯಲ್ಲಿ ಒಯ್ಯಬಹುದಾದ ವಿದ್ಯುತ್ ಯಂತ್ರಕ್ಕೆ ಪೇಟೆಂಟ್ ದೊರೆಯಿತು; ಹೂವರ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ತಾನಾಗಿ ಸುತ್ತಿ ಶುಚಿಗೊಳಿಸುವ ರೂಂಬಾ ರೋಬಾಟ್ 2002ರಲ್ಲಿ ಬಂತು. ಬೀದಿಗಳಿಗೆ ದೊಡ್ಡ ಕುಂಚ ಮತ್ತು ಹೀರುವ ಕೊಳವೆ ಅಳವಡಿಸಿದ ವಾಹನಗಳಿವೆ. ಬೆಂಗಳೂರಿನ ಮುಖ್ಯ ರಸ್ತೆಗಳಲ್ಲಿ ಇವು ಕೆಲಸ ಮಾಡುತ್ತವೆ. ಕಿರಿದಾದ ಓಣಿ, ಪಾದಚಾರಿ ಮಾರ್ಗ, ವಾಹನ ನಿಂತಿರುವ ಬದಿಗಳಲ್ಲಿ ಕೈಪೊರಕೆಯೇ ಬಳಕೆಯಲ್ಲಿದೆ.

ಇಂದಿನ ಸ್ಥಿತಿ

2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದಿಂದ ಪೊರಕೆ ಹಿಡಿದು ಬೀದಿ ಗುಡಿಸುವುದು ಸಾರ್ವಜನಿಕ ಕಾರ್ಯಕ್ರಮಗಳ ಒಂದು ಭಾಗವಾಯಿತು. ಪೊರಕೆ ಆಮ್ ಆದ್ಮಿ ಪಕ್ಷದ ಚುನಾವಣಾ ಚಿಹ್ನೆಯೂ ಹೌದು. ನಗರದ ಆಡುಮಾತಿನಲ್ಲಿ ‘ಕ್ಲೀನ್ ಮಾಡು’ ಎಂಬ ಮಿಶ್ರ ಪ್ರಯೋಗ ಒರೆಸು, ತೊಳೆ, ಗುಡಿಸು ಮೂರರ ಜಾಗದಲ್ಲಿಯೂ ಬರುತ್ತದೆ. ಹೀರುವ ಯಂತ್ರದ ಕೆಲಸಕ್ಕೆ ‘ವ್ಯಾಕ್ಯೂಮ್ ಮಾಡು’ ಎನ್ನುತ್ತಾರೆ. ಪೊರಕೆಯ ಕೆಲಸಕ್ಕೆ ಮಾತ್ರ ಗುಡಿಸು ಎಂಬುದೇ ಶಿಷ್ಟ ಪದವಾಗಿ ಉಳಿದಿದೆ. ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳು ಪ್ರತಿವರ್ಷ ಸೆಪ್ಟೆಂಬರ್ 23ನ್ನು ಪೌರಕಾರ್ಮಿಕರ ದಿನವಾಗಿ ಆಚರಿಸುತ್ತವೆ.